ಪೌಡರ್ ಕೋಟಿಂಗ್‌ಗೆ ಇಳಿಯುವ ಮುನ್ನ

ಬಂಟ್ವಾಳದಲ್ಲೋ ಮೂಡುಬಿದಿರೆಯಲ್ಲೋ ವಾದ್ಯದ ಬಿಡಿಭಾಗಗಳಿಗೆ ಪೌಡರ್ ಕೋಟಿಂಗ್ ಮಾಡುವ ಯೋಚನೆಯಿದ್ದರೆ, ಚೆಂಡೆ-ಮದ್ದಳೆಯ ಆಸೆ ಬಿಡಿ. ಪುಡಿ ಕರಗಿ ಗಟ್ಟಿಯಾಗಲು ಸುಮಾರು 180–200 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮರ, ಚರ್ಮ ತಾಳಲಾರವು. ಹಾರ್ಮೋನಿಯಂ ರೀಡಿನ ತಂಟೆಗಂತೂ ಹೋಗಲೇಬೇಡಿ, ಶ್ರುತಿ ಕೆಡುತ್ತದೆ.

ನಿಮ್ಮ ಸರಕೇನಿದ್ದರೂ ಬ್ಯಾಂಡ್‌ಸೆಟ್ ಡ್ರಮ್ಮಿನ ಉಕ್ಕಿನ ಬಳೆ, ಕೀಬೋರ್ಡ್ ಸ್ಟ್ಯಾಂಡು, ಮೈಕ್ ಕಂಬ. ಸ್ಕ್ರೂ ತೂತುಗಳಿಗೆ ಸಿಲಿಕೋನ್ ಬಿರಡೆ ಹಾಕಿ. 60–80 ಮೈಕ್ರಾನ್ ಲೇಪ ಕೂತರೂ ಸ್ಕ್ರೂ ಬಿಗಿಯಾಗುತ್ತದೆ. ನಮ್ಮ ಮಳೆಗಾಲದಲ್ಲಿ ಪುಡಿ ತೇವ ಹೀರಿ ಗಂಟುಕಟ್ಟುತ್ತದೆ, ತೊಳೆದಿಟ್ಟ ಕಬ್ಬಿಣ ನೋಡನೋಡುತ್ತ ತುಕ್ಕು ಹಿಡಿಯುತ್ತದೆ. ಆದರೇನು, ಬ್ಯಾಂಡಿನವರಿಗೆ ಬಿಡುವು ಸಿಗುವುದೂ ಮಳೆಗಾಲದ ಆಟಿ ತಿಂಗಳಲ್ಲೇ! ಹಾಗಾಗಿ ಒಣ ಕೋಣೆಗೆ ಮೊದಲು ದುಡ್ಡು ಹಾಕಿ.

ವಾದ್ಯವೊಂದರಿಂದಲೇ ಓವನ್‌ನ ಕರೆಂಟ್ ಬಿಲ್ಲು ಹುಟ್ಟುವುದು ಕಷ್ಟ. ಬೆಳ್ತಂಗಡಿ ಕಡೆಯ ಗೇಟು, ಗ್ರಿಲ್ಲುಗಳನ್ನೂ ಒಪ್ಪಿಕೊಳ್ಳಿ.