ಗೆದ್ದವನು ಸರಿಯಾಗಿ ಆಡಿದನೆ?

ಇಸ್ಪೀಟಿನಲ್ಲಿ ಹಣ ಗೆದ್ದವನನ್ನು ಜಾಣನೆಂದೂ ಸೋತವನನ್ನು ದಡ್ಡನೆಂದೂ ಕರೆಯುವುದು ಲೋಕರೂಢಿ. ಆಟದಲ್ಲಿ ಮಾತ್ರವಲ್ಲ, ವ್ಯಾಪಾರ ವ್ಯವಹಾರಗಳಲ್ಲಿಯೂ ನಾವು ಫಲವನ್ನು ನೋಡಿಯೇ ಬುದ್ಧಿಯನ್ನು ಅಳೆಯುತ್ತೇವೆ. ಈ ಅಳತೆಗೋಲು ಎಷ್ಟರಮಟ್ಟಿಗೆ ಸರಿಯಾದುದು? ಈ ಪ್ರಶ್ನೆಗೆ ಗಣಿತಶಾಸ್ತ್ರವು ತಕ್ಕ ಉತ್ತರವನ್ನು ಕೊಡಬಲ್ಲುದು. ಅದನ್ನು ತಿಳಿಯುವುದಕ್ಕಾಗಿ ಪೋಕರ್ ಆಟದ ಮೇಜೊಂದನ್ನು ನಮ್ಮ ಪ್ರಯೋಗಶಾಲೆಯನ್ನಾಗಿ ಮಾಡಿಕೊಳ್ಳೋಣ.

ಅಮೆರಿಕದ ನೆವಾಡಾ ರಾಜ್ಯದಲ್ಲಿ ಜೂಜಾಟಕ್ಕೆ 1931ನೆಯ ಇಸವಿಯಲ್ಲಿ ಕಾನೂನಿನ ಸಮ್ಮತಿ ದೊರೆಯಿತು. ಅಲ್ಲಿಯ ಲಾಸ್ ವೇಗಸ್ ನಗರಕ್ಕೆ ವಿಹಾರಾರ್ಥವಾಗಿ ಬರುವ ಕುಟುಂಬಗಳು ಅಸಂಖ್ಯಾತ. ಇಪ್ಪತ್ತೊಂದು ವರ್ಷ ತುಂಬದವರು ಅಲ್ಲಿ ಆಡುವಂತಿಲ್ಲ. ಈಗ ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಕೆಲಸದಿಂದ ನಿವೃತ್ತನಾದ ತಂದೆಯೊಬ್ಬನು, ಆಗತಾನೆ ಇಪ್ಪತ್ತೊಂದು ತುಂಬಿದ, ಸಂಖ್ಯಾಶಾಸ್ತ್ರವನ್ನು ಓದುತ್ತಿರುವ ಮಗನೊಡನೆ ಅಲ್ಲಿಗೆ ಬಂದಿದ್ದಾನೆ. ನಾಲ್ಕು ದಿನಗಳ ವಿಹಾರ. ದಿನವೂ ಸಂಜೆ ಐದು ಗಂಟೆಗಳ ಕಾಲ ಇಬ್ಬರೂ ಕಡಿಮೆ ಪಣದ ಮೇಜುಗಳಲ್ಲಿ ಆಡುತ್ತಾರೆ. ಕೊನೆಗೆ ಲೆಕ್ಕ ನೋಡಿದಾಗ ತಂದೆಗೆ 310 ಡಾಲರು ಲಾಭ, ಮಗನಿಗೆ 150 ಡಾಲರು ನಷ್ಟ. ತಂದೆಯು ನಗುತ್ತ, "ಲೆಕ್ಕ ನಿನ್ನದು, ಹಣ ನನ್ನದು" ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, "ಮುಂದಿನ ವರ್ಷ ಉಳಿತಾಯದ ಹಣವನ್ನು ತಂದು ದೊಡ್ಡ ಮೇಜಿನಲ್ಲಿಯೇ ಕೂರುತ್ತೇನೆ" ಎಂದು ನಿಶ್ಚಯಿಸುತ್ತಾನೆ. ಆ ನಿಶ್ಚಯಕ್ಕೆ ಆಧಾರವಿದೆಯೆ ಎಂಬುದೇ ನಮ್ಮ ವಿಚಾರ.

ಮೊದಲು ಆಟದ ಕ್ರಮ. 'ಟೆಕ್ಸಸ್ ಹೋಲ್ಡೆಮ್' ಎಂಬ ಈ ಬಗೆಯ ಪೋಕರಿನಲ್ಲಿ ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆಗಳು ಬರುತ್ತವೆ. ಅನಂತರ ಮೇಜಿನ ನಡುವೆ ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳನ್ನು ತೆರೆದಿಡುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಕಟ್ಟಕಡೆಗೆ ಇನ್ನೊಂದು. ಈ ಏಳರಲ್ಲಿ ಅತ್ಯುತ್ತಮವಾದ ಐದು ಎಲೆಗಳೇ ಅವನ 'ಕೈ'. ಪ್ರತಿ ಹಂತದಲ್ಲಿಯೂ ಪಣ ಒಡ್ಡಬಹುದು. ಎದುರಾಳಿಯ ಪಣಕ್ಕೆ ಸಮನಾಗಿ ಹಣ ಹಾಕಬಹುದು. ಇಲ್ಲವೆ ಎಲೆಗಳನ್ನು ಕೆಳಗಿಟ್ಟು ಹಿಂದೆ ಸರಿಯಬಹುದು. ಕಡಿಮೆ ಪಣದ ಮೇಜಿನಲ್ಲಿ ಆಟಕ್ಕೆ ಮೊದಲು ಒಬ್ಬನು 1 ಡಾಲರನ್ನೂ ಅವನ ಪಕ್ಕದವನು 2 ಡಾಲರುಗಳನ್ನೂ ಕಡ್ಡಾಯವಾಗಿ ಇಡಬೇಕು. ಇದಕ್ಕೆ 'ಒಂದು–ಎರಡರ ಮೇಜು' ಎಂದು ಹೆಸರು.

ಕೊನೆಯ ಸಂಜೆ ಇಬ್ಬರಿಗೂ ಒಂದೊಂದು ಮುಖ್ಯವಾದ ಕೈ ಬಂದಿತೆಂದು ಇಟ್ಟುಕೊಳ್ಳೋಣ.

ಮಗನ ಕೈಯಲ್ಲಿ ಆಟೀನಿನ ಎಂಟು ಮತ್ತು ಏಳು. ಮೇಜಿನ ಮೇಲೆ ಆಟೀನಿನ ರಾಜ, ಆಟೀನಿನ ಮೂರು, ಕಳಾವರಿನ ಗುಲಾಮ, ಇಸ್ಪೀಟಿನ ಎರಡು. ಇನ್ನೊಂದು ಆಟೀನು ಬಂದರೆ ಐದೂ ಒಂದೇ ಜಾತಿಯಾಗಿ 'ಫ್ಲಷ್' ಆಗುತ್ತದೆ. ಬಾರದಿದ್ದರೆ ಅವನ ಕೈ ಬರಿದು. ಎದುರಾಳಿಗೆ ರಾಜನ ಜೋಡಿಯಿದೆ. ಅವನ ಪಣವೂ ಸೇರಿ ನಡುವಿನ ರಾಶಿಯಲ್ಲಿ 100 ಡಾಲರು ಇದೆ. ಮಗನು ಮುಂದುವರಿಯಬೇಕಾದರೆ 20 ಡಾಲರು ಹಾಕಬೇಕು. ಹಾಕಿದನು, ಆಟೀನು ಬರಲಿಲ್ಲ, ಸೋತನು.

ತಂದೆಯ ಕೈಯಲ್ಲಿ ಒಂಬತ್ತು ಮತ್ತು ಎಂಟು. ಮೇಜಿನ ಮೇಲೆ ರಾಣಿ, ಗುಲಾಮ, ನಾಲ್ಕು, ಎರಡು. ಹತ್ತರ ಎಲೆಯೊಂದು ಬಂದರೆ ಎಂಟರಿಂದ ರಾಣಿಯವರೆಗೆ ಸಾಲು ಕೂಡಿ 'ಸ್ಟ್ರೈಟ್' ಆಗುತ್ತದೆ. ಎದುರಾಳಿಗೆ ರಾಣಿ, ಗುಲಾಮಗಳ ಎರಡು ಜೋಡಿಗಳು. ಇಲ್ಲಿಯೂ ಎದುರಾಳಿಯ ಪಣ ಸೇರಿ ರಾಶಿಯಲ್ಲಿ 100 ಡಾಲರು. ಆದರೆ ತಂದೆಯು ಹಾಕಬೇಕಾದುದು 60 ಡಾಲರು. ಹಾಕಿದನು, ಹತ್ತು ಬಂದೇಬಿಟ್ಟಿತು, ಗೆದ್ದನು.

ಯಾರ ನಿರ್ಧಾರ ಸರಿ? ಬಂದ ಎಲೆಯನ್ನು ಮರೆತು, ಎಲೆ ಬರುವ ಮುಂಚಿನ ಸ್ಥಿತಿಯನ್ನು ಪರಿಶೀಲಿಸೋಣ. ಕಟ್ಟಿನಲ್ಲಿ 52 ಎಲೆಗಳು. ತನ್ನ ಕೈಯ ಎರಡನ್ನೂ ಮೇಜಿನ ನಾಲ್ಕನ್ನೂ ಕಳೆದರೆ ಆಟಗಾರನು ಕಾಣದಿರುವ ಎಲೆಗಳು 46. ಕಟ್ಟಿನಲ್ಲಿ ಆಟೀನುಗಳು 13, ಅವುಗಳಲ್ಲಿ ನಾಲ್ಕು ಕಣ್ಣೆದುರಿಗಿವೆ, ಉಳಿದವು 9. ಆದುದರಿಂದ ಮಗನ ಗೆಲುವಿನ ಸಂಭವನೀಯತೆ 46ರಲ್ಲಿ 9, ಎಂದರೆ ನೂರಕ್ಕೆ ಸುಮಾರು 19.6. ಹತ್ತರ ಎಲೆಗಳು ಒಟ್ಟು ನಾಲ್ಕೇ. ತಂದೆಯ ಗೆಲುವಿನ ಸಂಭವನೀಯತೆ 46ರಲ್ಲಿ 4, ಎಂದರೆ ನೂರಕ್ಕೆ ಸುಮಾರು 8.7.

ಇಷ್ಟರಿಂದಲೇ ತೀರ್ಪು ಹೇಳಲಾಗದು. ಸಂಭವನೀಯತೆಯನ್ನು ಬೆಲೆಯೊಡನೆ ಹೋಲಿಸಬೇಕು. ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು 1654ರಲ್ಲಿ ಪರಸ್ಪರ ಬರೆದ ಪತ್ರಗಳಲ್ಲಿ ಚರ್ಚಿಸಿದುದು ಇಂತಹುದೇ ಸಮಸ್ಯೆಯನ್ನು: ಆಟವು ಅರ್ಧಕ್ಕೆ ನಿಂತರೆ ನಡುವಿನ ಹಣವನ್ನು ಹೇಗೆ ಹಂಚಬೇಕು? ಮುಂದೆ ಸಂಭವಿಸಬಹುದಾದ ಎಲ್ಲ ಫಲಗಳನ್ನೂ ಎಣಿಸಿ, ಅವುಗಳ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕೆಂದು ಅವರು ತೋರಿಸಿದರು. ಇದರಿಂದ ಬೆಳೆದ ಕಲ್ಪನೆಯನ್ನೇ ಇಂದು 'ನಿರೀಕ್ಷಿತ ಮೌಲ್ಯ' ಎನ್ನುತ್ತೇವೆ.

ಮಗನು ಈ ಸ್ಥಿತಿಯಲ್ಲಿ 46 ಸಲ ಆಡಿ, ಪ್ರತಿಯೊಂದು ಎಲೆಯೂ ಒಂದೊಂದು ಸಲ ಬಂದಿತೆಂದು ಭಾವಿಸೋಣ. 9 ಸಲ ನೂರರಂತೆ 900 ಡಾಲರು ಲಾಭ; 37 ಸಲ ಇಪ್ಪತ್ತರಂತೆ 740 ಡಾಲರು ನಷ್ಟ. ನಿವ್ವಳ ಲಾಭ 160 ಡಾಲರು. ಸಲವೊಂದಕ್ಕೆ ಸುಮಾರು ಮೂರೂವರೆ ಡಾಲರು. ತಂದೆಯ ಲೆಕ್ಕವನ್ನೂ ಹೀಗೆಯೇ ಮಾಡಿದರೆ, 4 ಸಲ ನೂರರಂತೆ 400 ಡಾಲರು ಲಾಭ. 42 ಸಲ ಅರವತ್ತರಂತೆ 2520 ಡಾಲರು ನಷ್ಟ. ನಿವ್ವಳ ನಷ್ಟ 2120 ಡಾಲರು. ಸಲವೊಂದಕ್ಕೆ 46 ಡಾಲರು! (ಲೆಕ್ಕದ ಸುಲಭಕ್ಕಾಗಿ ಕೊನೆಯ ಎಲೆಯ ನಂತರದ ಪಣಗಳನ್ನು ಬಿಟ್ಟಿದ್ದೇವೆ, ರಾಶಿಯ 100 ಡಾಲರು ಜೂಜುಮನೆಯ ಪಾಲನ್ನು ಕಳೆದುಳಿದ ಮೊತ್ತವೆಂದು ತಿಳಿಯತಕ್ಕದ್ದು.) ಹೀಗೆ ಸೋತ ಮಗನ ನಿರ್ಧಾರ ಸರಿ, ಗೆದ್ದ ತಂದೆಯ ನಿರ್ಧಾರ ತಪ್ಪು.

ಜೂಜುಮನೆಯ ಪಾಲು ಎಂದೆವಷ್ಟೆ. ಅದು ಏನು? ತಿರುಗುವ ಚಕ್ರದ 'ರೂಲೆಟ್' ಆಟದಲ್ಲಿ ಜೂಜುಮನೆಯೇ ನಮ್ಮ ಎದುರಾಳಿ. ಪೋಕರಿನಲ್ಲಿ ಹಾಗಲ್ಲ; ಆಟಗಾರರು ತಮ್ಮತಮ್ಮಲ್ಲಿಯೇ ಸೆಣಸುತ್ತಾರೆ. ಜೂಜುಮನೆಯು ಮೇಜಿಗೆ ಬಾಡಿಗೆಯೋ ಎಂಬಂತೆ ರಾಶಿಯಿಂದ ಒಂದು ಪಾಲನ್ನು ತೆಗೆದುಕೊಳ್ಳುತ್ತದೆ. ಎಲೆ ಹಂಚುವವನಿಗೆ ಗೆದ್ದವನು ಇನಾಮು ಕೊಡುವ ವಾಡಿಕೆಯೂ ಉಂಟು. ಗಂಟೆಗೆ 30 ಆಟಗಳು, ಪ್ರತಿ ಆಟದಲ್ಲಿ ಇವೆರಡೂ ಸೇರಿ ಸರಾಸರಿ 4 ಡಾಲರು ಎಂದು ಇಟ್ಟುಕೊಂಡರೆ ಗಂಟೆಗೆ 120 ಡಾಲರು ಮೇಜಿನಿಂದ ಹೊರಕ್ಕೆ ಹೋಗುತ್ತದೆ. ಒಂಬತ್ತು ಮಂದಿಯ ಮೇಜಿನಲ್ಲಿ ತಲೆಗೆ ಗಂಟೆಗೆ ಸುಮಾರು 13 ಡಾಲರು; ಇಪ್ಪತ್ತು ಗಂಟೆಗಳಿಗೆ ಸುಮಾರು 267 ಡಾಲರು. ಎಲ್ಲರೂ ಸಮಾನ ಜಾಣರಾದರೆ ಸರಾಸರಿಯಲ್ಲಿ ಎಲ್ಲರೂ ಇಷ್ಟಿಷ್ಟು ಸೋಲುತ್ತಾರೆ! ಲಾಭ ಬರಬೇಕಾದರೆ ಮೇಜಿನ ಇತರರಿಗಿಂತ ಸ್ವಲ್ಪ ಜಾಣನಾದರೆ ಸಾಲದು. ಈ ಬಾಡಿಗೆಯನ್ನು ತೆತ್ತೂ ಉಳಿಯುವಷ್ಟು ಜಾಣನಾಗಿರಬೇಕು.

"ಹಾಗಾದರೆ ತಂದೆಗೆ 310 ಡಾಲರು ಬಂದುದು ಹೇಗೆ?" ಎಂದು ವಾಚಕರು ಕೇಳಬಹುದು. ಇಲ್ಲಿಯೇ ವಿಷಯದ ತಿರುಳು ಇದೆ. ಒಬ್ಬ ಆಟಗಾರನು ಸರಾಸರಿಯಲ್ಲಿ ಗಂಟೆಗೆ 10 ಡಾಲರು ಸೋಲುವವನೆನ್ನೋಣ. ಪ್ರತಿ ಗಂಟೆಯೂ ಸರಿಯಾಗಿ ಹತ್ತೇ ಡಾಲರು ಹೋಗುವುದಿಲ್ಲ. ಒಂದು ಗಂಟೆ ನೂರು ಬರಬಹುದು, ಇನ್ನೊಂದು ಗಂಟೆ ನೂರೈವತ್ತು ಹೋಗಬಹುದು. ಈ ಏರಿಳಿತದ ಅಳತೆಗೆ ಸಂಖ್ಯಾಶಾಸ್ತ್ರದಲ್ಲಿ 'ಮಾನಕ ವಿಚಲನೆ' ಎಂದು ಹೆಸರು. ಅದು ಗಂಟೆಗೆ 100 ಡಾಲರು ಎಂದು ಊಹಿಸೋಣ. ಸರಾಸರಿಯು ಕಾಲದೊಡನೆ ನೇರವಾಗಿ ಬೆಳೆಯುತ್ತದೆ; ಏರಿಳಿತವಾದರೋ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಇಪ್ಪತ್ತು ಗಂಟೆಗಳಲ್ಲಿ ನಿರೀಕ್ಷಿತ ನಷ್ಟ 200 ಡಾಲರು. ಏರಿಳಿತ 100 × √20, ಎಂದರೆ ಸುಮಾರು 447 ಡಾಲರು. ಏರಿಳಿತವು ಸರಾಸರಿಯ ಎರಡರಷ್ಟಕ್ಕಿಂತಲೂ ಹೆಚ್ಚು! ಇಂತಹ ಆಟಗಾರನೂ ಲಾಭದಲ್ಲಿ ಮನೆಗೆ ಮರಳುವ ಸಂಭವನೀಯತೆ ಸುಮಾರು ಮೂರರಲ್ಲಿ ಒಂದು. ಗಂಟೆಗೆ 10 ಡಾಲರು ಗೆಲ್ಲಬಲ್ಲ ಜಾಣನೂ ಅದೇ ಪ್ರಮಾಣದಲ್ಲಿ ನಷ್ಟದಿಂದ ಮರಳಬಹುದು. ತಂದೆಯ ಲಾಭ, ಮಗನ ನಷ್ಟ ಎರಡೂ ಈ ಏರಿಳಿತದ ಒಳಗೇ ಅಡಗಿಹೋಗುತ್ತವೆ.

ಇದೇ ಲೆಕ್ಕವನ್ನು 400 ಗಂಟೆಗಳಿಗೆ ವಿಸ್ತರಿಸಿರಿ. ನಿರೀಕ್ಷಿತ ನಷ್ಟ 4000 ಡಾಲರು. ಏರಿಳಿತ 100 × √400, ಎಂದರೆ 2000 ಡಾಲರು ಮಾತ್ರ. ಈಗ ಸೋಲುವ ಆಟಗಾರನು ಲಾಭದಲ್ಲಿರುವ ಸಂಭವನೀಯತೆ ನೂರಕ್ಕೆ ಸುಮಾರು ಎರಡಕ್ಕೆ ಇಳಿಯುತ್ತದೆ. ಪ್ರಯೋಗಗಳು ಹೆಚ್ಚಿದಂತೆಲ್ಲ ಸರಾಸರಿಯು ತನ್ನ ನಿಜವಾದ ಬೆಲೆಯನ್ನು ಸಮೀಪಿಸುತ್ತದೆಂಬ ಈ 'ಬೃಹತ್ಸಂಖ್ಯೆಗಳ ನಿಯಮ'ದ ಸಾಧನೆಯನ್ನು ಯಾಕೋಬ್ ಬರ್ನೂಲಿಯ ಗ್ರಂಥವು, ಅವನು ತೀರಿಕೊಂಡ ಎಂಟು ವರ್ಷಗಳ ನಂತರ, 1713ರಲ್ಲಿ ಪ್ರಕಟಪಡಿಸಿತು.

ವಿಜ್ಞಾನಿಗಳು ಈ ನಿಯಮಕ್ಕೆ ಕೊಡುವ ಗೌರವವನ್ನು ನೋಡಿರಿ. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ರಚಿಸಿದ 'ಲಿಬ್ರಾಟಸ್' ಎಂಬ ಗಣಕ ಕಾರ್ಯಕ್ರಮವು ಇದೇ ಪೋಕರಿನ ಇಬ್ಬರಾಟದಲ್ಲಿ ನಾಲ್ವರು ನುರಿತ ವೃತ್ತಿ ಆಟಗಾರರನ್ನು ಎದುರಿಸಿ ಗೆದ್ದಿತು. ಯಾರು ಮೇಲೆಂಬುದನ್ನು ತೀರ್ಮಾನಿಸಲು ಅವರು ಆಡಿದುದು 1,20,000 ಆಟಗಳನ್ನು. ನಮ್ಮ ತಂದೆಯು ಇಪ್ಪತ್ತು ಗಂಟೆಗಳಲ್ಲಿ ಕಂಡ ಆಟಗಳು ಆರುನೂರು. ಆ ಪರೀಕ್ಷೆಯ ಇನ್ನೂರರಲ್ಲೊಂದು ಭಾಗ. ಇಷ್ಟರಿಂದ ತನ್ನ ಜಾಣ್ಮೆಯನ್ನು ತಾನು ನಿರ್ಧರಿಸಿಕೊಂಡು 'ಐದು–ಹತ್ತರ' ಮೇಜಿಗೆ ಹೋದರೆ ಪಣಗಳೆಲ್ಲ ಐದರಷ್ಟಾಗುತ್ತವೆ. 46 ಡಾಲರಿನ ತಪ್ಪು 230 ಡಾಲರಿನದಾಗುತ್ತದೆ.

ಮಗನು ಇದನ್ನು ತಂದೆಗೆ ತಿಳಿಸುವುದು ಹೇಗೆ? ಗೆದ್ದವನಿಗೆ ಸೋತವನು ಬುದ್ಧಿ ಹೇಳಿದರೆ ಅದು ಹೊಟ್ಟೆಕಿಚ್ಚಿನಂತೆ ಕೇಳಿಸುತ್ತದೆ. ವಾದಕ್ಕಿಂತ ಪ್ರಯೋಗವೇ ಮೇಲು. ಇಸ್ಪೀಟಿನ ಒಂದು ಕಟ್ಟಿನಿಂದ ತಂದೆಯ ಎರಡು ಎಲೆಗಳನ್ನೂ ಮೇಜಿನ ನಾಲ್ಕು ಎಲೆಗಳನ್ನೂ ತೆಗೆದಿಡಲಿ. ಉಳಿದ 46 ಎಲೆಗಳನ್ನು ಚೆನ್ನಾಗಿ ಕಲಸಿ ತಂದೆಯೇ ಒಂದನ್ನು ಎತ್ತಲಿ. ಹತ್ತು ಬಂದರೆ ಕಾಗದದ ಮೇಲೆ ನೂರು ಜಮಾ, ಬಾರದಿದ್ದರೆ ಅರವತ್ತು ಖರ್ಚು. ಎತ್ತಿದ ಎಲೆಯನ್ನು ಮತ್ತೆ ಸೇರಿಸಿ ಕಲಸಿ ನೂರು ಸಲ ಹೀಗೆ ಮಾಡಲಿ. ಹತ್ತರ ಎಲೆ ಏಳು ಸಲ ಬಂದಿತೆನ್ನಿ. ಜಮಾ 700, ಖರ್ಚು 5580. ಆ ಕಾಗದವನ್ನು ನೋಡಿದ ತಂದೆಗೆ ಮಗನು ಬೇರೇನನ್ನೂ ಹೇಳಬೇಕಾಗಿಲ್ಲ. ಮುಂದಿನ ವರ್ಷವೂ ಇಬ್ಬರು ಜೊತೆಯಾಗಿ ಹೋಗಬಹುದು. ಕಳೆದರೂ ಚಿಂತೆಯಿಲ್ಲದಷ್ಟು ಹಣವನ್ನು ವಿಹಾರದ ಖರ್ಚೆಂದು ಮೊದಲೇ ಬೇರೆಯಿಟ್ಟು, ಅದೇ ಚಿಕ್ಕ ಮೇಜಿನಲ್ಲಿ ಕೂರಬಹುದು. ಉಳಿತಾಯದ ಹಣ ಮಾತ್ರ ಮನೆಯಲ್ಲಿಯೇ ಉಳಿಯುತ್ತದೆ.

ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮನೆಯಲ್ಲಿಯೇ, ಒಂದು ಕಾಸನ್ನೂ ಪಣವಿಡದೆ, ಮಾಡಿ ನೋಡಬಹುದು. ಮೊದಲ ಹತ್ತು ಸಲದ ಫಲವನ್ನೂ ನೂರು ಸಲದ ಫಲವನ್ನೂ ಬೇರೆಬೇರೆಯಾಗಿ ಬರೆದಿಟ್ಟು, ಲೆಕ್ಕಕ್ಕೆ ಬಂದ 8.7ರೊಡನೆ ಹೋಲಿಸಿರಿ. ಹತ್ತು ಸಲದ ಫಲ ನಿಮ್ಮನ್ನು ಮೋಸಗೊಳಿಸಬಹುದು. ನೂರು ಸಲದ್ದು ಅಷ್ಟಾಗಿ ಮೋಸಗೊಳಿಸದು. ಮುಂದೆ ಬರುವ ಎಲೆ ನಮ್ಮ ಕೈಯಲ್ಲಿಲ್ಲ. ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ನಿರ್ಧಾರ ಮಾತ್ರ ನಮ್ಮದು. ಅಳೆಯಬೇಕಾದುದು ಅದನ್ನೇ.