ಹಡಿಲು ಬಿದ್ದ ಗದ್ದೆ, ಭೂಮಿಯಿಲ್ಲದ ಕೈ



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಮಿಲ್ಲಿನವರಿದ್ದೇವೆ, ಹೋಟೆಲಿನವರಿದ್ದೇವೆ, ಕಚೇರಿಯ ಗುಮಾಸ್ತರಿದ್ದೇವೆ. ಉದ್ಯೋಗ ಬೇರೆ ಬೇರೆಯಾದರೂ ನಮ್ಮಲ್ಲಿ ಅನೇಕರಿಗೆ ಒಂದು ಸಂಗತಿ ಸಮಾನವಾಗಿದೆ. ಊರಿನಲ್ಲಿ ನಮ್ಮ ಹೆಸರಿಗೋ, ತಂದೆಯ ಹೆಸರಿಗೋ, ಅಜ್ಜನ ಹೆಸರಿಗೋ ಒಂದು ತುಂಡು ಭೂಮಿಯಿದೆ, ಅದನ್ನು ಉಳುವವರಿಲ್ಲ. ಬಯಲುಸೀಮೆಯವರು ಇಂಥ ಹೊಲವನ್ನು ಬೀಳು ಎನ್ನುತ್ತಾರೆ. ದಕ್ಷಿಣ ಕನ್ನಡ, ಉಡುಪಿಯ ಕಡೆಯವರು ಹಡಿಲು ಎನ್ನುತ್ತಾರೆ. ಅದೇ ಊರುಗಳಲ್ಲಿ ಬೇಸಾಯ ಮಾಡುವ ಮನಸ್ಸಿದ್ದೂ ಒಂದು ಸೆಂಟ್ಸ್ ಭೂಮಿಯಿಲ್ಲದ ತರುಣರೂ ಹೆಂಗಸರೂ ಇದ್ದಾರೆ. ಭೂಮಿಯಿದ್ದವರಿಗೆ ದುಡಿಯುವ ಕೈಯಿಲ್ಲ, ಕೈಯಿದ್ದವರಿಗೆ ಭೂಮಿಯಿಲ್ಲ. ಇವರಿಬ್ಬರೂ ಕೂಡದಿರಲು ಕಾರಣವೇನು, ಕೂಡಿಸುವ ದಾರಿ ಯಾವುದು ಎಂಬುದೇ ಈ ಸಲದ ಪಾಠ. ಕರಾವಳಿಯ ಗದ್ದೆಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಉಳಿದ ಕಡೆಯವರಿಗೂ ವಿಷಯ ಅನ್ವಯಿಸುತ್ತದೆ.

1. ನಷ್ಟ ಯಾರಿಗೆ?

"ನನ್ನ ಗದ್ದೆ ಹಡಿಲು ಬಿದ್ದರೆ ನಷ್ಟ ನನಗೆ ಮಾತ್ರ ತಾನೆ?" ಎಂದು ಕೇಳುವವರುಂಟು. ಹಾಗಲ್ಲ. ಕರಾವಳಿಯಲ್ಲಿ ಬೆಟ್ಟು, ಮಜಲು, ಬೈಲು ಎಂದು ಗದ್ದೆಗಳು ಮೇಲಿನಿಂದ ಕೆಳಕ್ಕೆ ಮೆಟ್ಟಿಲಿನಂತೆ ಇಳಿಯುತ್ತವೆ. ಒಬ್ಬರ ಗದ್ದೆಯ ನೀರು ಇನ್ನೊಬ್ಬರ ಗದ್ದೆಗೆ ಹರಿಯಬೇಕು. ನಡುವಿನ ಒಂದು ಗದ್ದೆಯ ಅಂಚು ಒಡೆದರೆ ನೀರು ನಿಲ್ಲುವುದಿಲ್ಲ. ತೋಡು ಹೂಳಿನಿಂದ ಮುಚ್ಚಿದರೆ ನೆರೆಯವನ ಪೈರು ಕೊಳೆಯುತ್ತದೆ. ಕಳೆಯ ಬೀಜ ಅಲ್ಲಿಂದಲೇ ಹಬ್ಬುತ್ತದೆ, ಕಾಡುಹಂದಿಗೂ ಇಲಿಗೂ ಅಲ್ಲೇ ಮನೆ. ನಾಟಿಯ ಯಂತ್ರವಾಗಲಿ ಕಟಾವಿನ ಯಂತ್ರವಾಗಲಿ ಒಳಗಿನ ಗದ್ದೆಗೆ ಹೋಗಲು ದಾರಿಯಿಲ್ಲದಂತಾಗುತ್ತದೆ. ಇದಲ್ಲದೆ ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತ ನೀರು ಇಂಗಿ ಸುತ್ತಲಿನ ಬಾವಿಗಳಿಗೆ ಒರತೆ ಕೊಡುತ್ತದೆ. ಆದಕಾರಣ ಒಬ್ಬನ ಹಡಿಲು ಇಡೀ ಬೈಲಿನ ನಷ್ಟವಾಗಿ ಪರಿಣಮಿಸುತ್ತದೆ. ಮೊದಲು ಒಬ್ಬ ಬಿಡುತ್ತಾನೆ. ಅವನಿಂದ ತೊಂದರೆಗೊಳಗಾಗಿ ಪಕ್ಕದವನೂ ಬಿಡುತ್ತಾನೆ.

2. ಅಂಜಿಕೆಯ ಮೂಲ

"ಹಾಗಾದರೆ ಯಾರಿಗಾದರೂ ಮಾಡಲು ಕೊಡಬಾರದೇ?" ಎಂದರೆ ಹಿರಿಯರು ತಲೆಯಲ್ಲಾಡಿಸುತ್ತಾರೆ. ಈ ಅಂಜಿಕೆಗೆ ಒಂದು ಚರಿತ್ರೆಯಿದೆ.

ಹಿಂದೆ ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಪದ್ಧತಿಗಳಿದ್ದವು. ಮೂಲಗೇಣಿದಾರನ ಹಕ್ಕು ಶಾಶ್ವತವಾದುದು. ಚಾಲಗೇಣಿದಾರನನ್ನು ಧಣಿಗಳು ಬೇಕೆಂದಾಗ ಎಬ್ಬಿಸಬಹುದಾಗಿತ್ತು. ಮುಡಿಗಟ್ಟಲೆ ಅಕ್ಕಿಯನ್ನು ಗೇಣಿಯೆಂದು ಅಳೆದುಕೊಟ್ಟು, ಉಳಿದುದರಲ್ಲಿ ಅವನ ಸಂಸಾರ ಸಾಗಬೇಕು. ಈ ಅನ್ಯಾಯವನ್ನು ತೊಡೆಯಲೆಂದು 1961ರಲ್ಲಿ ಭೂ ಸುಧಾರಣಾ ಕಾಯಿದೆ ರಚನೆಯಾಗಿ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ ಅದಕ್ಕೆ ಬಲವಾದ ತಿದ್ದುಪಡಿಯಾಯಿತು. 1974ರ ಮಾರ್ಚ್ 1ರಂದು ಗೇಣಿದಾರರ ಕೈಯಲ್ಲಿದ್ದ ಭೂಮಿ ಸರಕಾರಕ್ಕೆ ಸೇರಿತು. 7ನೆಯ ನಮೂನೆಯಲ್ಲಿ ಅರ್ಜಿ ಹಾಕಿದ ಗೇಣಿದಾರನಿಗೆ ಭೂ ನ್ಯಾಯಮಂಡಳಿಯು ವಿಚಾರಣೆ ನಡೆಸಿ ಅಧಿಭೋಗದ ಹಕ್ಕು ಕೊಟ್ಟಿತು. ಊರಿನವರು "ಡಿಕ್ಲರೇಶನ್ ಹಾಕಿದ್ದು" ಎನ್ನುವುದು ಇದನ್ನೇ.

ತಲೆತಲಾಂತರದಿಂದ ಉತ್ತವನಿಗೆ ಭೂಮಿ ದೊರೆತದ್ದು ನ್ಯಾಯವೇ ಸರಿ. ನಮ್ಮ ಓದುಗರಲ್ಲೇ ಎಷ್ಟೋ ಮಂದಿಯ ಮನೆಗೆ ಗದ್ದೆ ಬಂದದ್ದು ಹಾಗೆ. ಆದರೆ ಅದೇ ತಿದ್ದುಪಡಿಯು ಮುಂದೆ ಯಾರೂ ಕೃಷಿ ಭೂಮಿಯನ್ನು ಗೇಣಿಗೆ ಕೊಡಬಾರದೆಂದೂ ವಿಧಿಸಿತು. ಸೈನಿಕರಿಗೆ ಮತ್ತು ಹಡಗಿನಲ್ಲಿ ದುಡಿಯುವ ನಾವಿಕರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಮುಂಬಯಿಯ ಗುಮಾಸ್ತನಿಗಾಗಲಿ ಹೋಟೆಲಿನ ಮಾಣಿಗಾಗಲಿ ಆ ವಿನಾಯಿತಿಯಿಲ್ಲ. ಅಂದು ಗೇಣಿದಾರನಾಗಿ ಗದ್ದೆ ಪಡೆದವನ ಮೊಮ್ಮಗ ಇಂದು ಪರವೂರಿನಲ್ಲಿದ್ದಾನೆ. "ಕೊಟ್ಟರೆ ಕೈಬಿಟ್ಟು ಹೋದೀತು" ಎಂಬ ಧಣಿಯ ಅಂಜಿಕೆ ಈಗ ಅವನನ್ನೂ ಹಿಡಿದಿದೆ.

2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಕೊಳ್ಳಬಹುದಾಯಿತು. ಆದರೆ ಕೊಳ್ಳಲು ಹಣ ಬೇಕು. ಹಣವಿಲ್ಲದೆ ದುಡಿಮೆಯನ್ನಷ್ಟೇ ನಂಬಿದವನಿಗೆ ಅದರಿಂದ ದಾರಿ ತೆರೆಯಲಿಲ್ಲ.

3. ಮುಂಬಯಿಯ ಖೋಲಿ ಕಲಿಸುವ ಪಾಠ

ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 1947ರ ಮುಂಬಯಿ ಬಾಡಿಗೆ ಕಾಯಿದೆ ಬಾಡಿಗೆದಾರನಿಗೆ ಭದ್ರ ರಕ್ಷಣೆ ಕೊಟ್ಟಿತು. 1973ರ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ವಾಸವಾಗಿದ್ದವರನ್ನೂ ಬಾಡಿಗೆದಾರರೆಂದೇ ಗಣಿಸಲಾಯಿತು. ಇದ್ದವರಿಗೆ ನೆಲೆ ಸಿಕ್ಕಿತು. ಹೊಸದಾಗಿ ಬಂದವರಿಗೆ ಖೋಲಿ ಸಿಕ್ಕುವುದು ಕಷ್ಟವಾಯಿತು. ಕೊಟ್ಟರೆ ಹಿಂದೆ ಬಾರದೆಂದು ಮಾಲಿಕರು ಬೀಗ ಹಾಕಿ ಇಟ್ಟುಕೊಂಡರು. ಬೀಗ ಹಾಕಿದ ಖೋಲಿಯೂ ಹಡಿಲು ಬಿದ್ದ ಗದ್ದೆಯೂ ಒಂದೇ ಜಾತಿಯವು.

ಮುಂದೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಸ್ಪಷ್ಟ ಸ್ಥಾನ ದೊರೆಯಿತು. ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು; ಅವಧಿ ಮುಗಿದರೆ ಖೋಲಿ ಮಾಲಿಕನಿಗೆ ಹಿಂದಿರುಗಬೇಕು. ನಮ್ಮಲ್ಲಿ ಬಹುಮಂದಿ ಇಂಥ ಕಾಗದಕ್ಕೆ ಸಹಿ ಹಾಕಿಯೇ ಇಲ್ಲಿ ತಲೆಯ ಮೇಲೆ ಸೂರು ಪಡೆದಿದ್ದೇವೆ. ಒಡೆತನ ಒಬ್ಬನದು, ಅವಧಿಯವರೆಗಿನ ಉಪಯೋಗ ಇನ್ನೊಬ್ಬನದು, ಎರಡಕ್ಕೂ ಸಾಕ್ಷಿ ಸರಕಾರದ ರಿಜಿಸ್ಟರು. ಗದ್ದೆಗೂ ಬೇಕಾದದ್ದು ಇಂಥದೇ ಕಾಗದ.

4. ಕೇರಳದ ಹೆಂಗಸರು

ನೆರೆಯ ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಮುಂದೆ ಗಂಡಸರು ಕೊಲ್ಲಿ ದೇಶಗಳಿಗೆ ದುಡಿಯಲು ಹೋದರು. ಕೂಲಿಯ ದರ ಏರಿತು. ಭತ್ತದ ಗದ್ದೆ ತೋಟವಾಯಿತು, ಮನೆ ನಿವೇಶನವಾಯಿತು, ಇಲ್ಲವೇ ಪಾಳುಬಿದ್ದಿತು. 1970ರ ದಶಕದ ನಡುವಿನಲ್ಲಿ ಸುಮಾರು 8.8 ಲಕ್ಷ ಹೆಕ್ಟೇರಿನಷ್ಟಿದ್ದ ಭತ್ತದ ಬೇಸಾಯ ಇತ್ತೀಚಿನ ವರ್ಷಗಳಲ್ಲಿ ಸುಮಾರು 2 ಲಕ್ಷ ಹೆಕ್ಟೇರಿಗೆ ಇಳಿದಿದೆ.

1998ರಲ್ಲಿ ಅಲ್ಲಿ ಕುಟುಂಬಶ್ರೀ ಎಂಬ ಸ್ತ್ರೀಯರ ಸಂಘಟನೆ ಆರಂಭವಾಯಿತು. ಅದರ ಸದಸ್ಯೆಯರು 4ರಿಂದ 10 ಜನ ಸೇರಿ ಒಂದು ಗುಂಪು ಕಟ್ಟುತ್ತಾರೆ. ಊರಿನಲ್ಲಿ ಪಾಳುಬಿದ್ದ ಭೂಮಿ ಎಲ್ಲಿದೆ ಎಂಬುದನ್ನು ಪಂಚಾಯಿತಿಯ ನೆರವಿನಿಂದ ಗುರುತಿಸಿ, ಯಜಮಾನರೊಡನೆ ಮಾತಾಡಿ, ಒಟ್ಟಾಗಿ ಭತ್ತ, ತರಕಾರಿ, ಬಾಳೆ, ಮರಗೆಣಸು ಬೆಳೆಯುತ್ತಾರೆ. ಭೂಮಿಯ ಪತ್ರವಿಲ್ಲದಿದ್ದರೂ ಬ್ಯಾಂಕಿನವರು ಗುಂಪಿನ ಜಂಟಿ ಹೊಣೆಯ ಮೇಲೆ ಸಾಲ ಕೊಡುತ್ತಾರೆ. ಕೂಲಿಗೆ ಹೋಗುತ್ತಿದ್ದ ಹೆಂಗಸರು ಹೀಗೆ ತಾವೇ ಬೇಸಾಯಗಾರರಾದರು.

ಗುರುತಿಲ್ಲದ ಒಬ್ಬ ವ್ಯಕ್ತಿಗೆ ಗದ್ದೆ ಕೊಡಲು ಹೆದರುವ ಯಜಮಾನನು ಪಂಚಾಯಿತಿ ಬಲ್ಲ ಗುಂಪಿಗೆ ಕೊಡಲು ಅಷ್ಟು ಹೆದರುವುದಿಲ್ಲ. ಇಬ್ಬರ ನಡುವೆ ನಂಬಿಕೆಗೆ ಪಾತ್ರವಾದ ಮೂರನೆಯವರೊಬ್ಬರು ನಿಂತರು ಎಂಬುದೇ ಇಲ್ಲಿಯ ಮುಖ್ಯಾಂಶ. ಆದರೆ ಇಲ್ಲಿ ಒಂದು ಕೊರತೆಯೂ ಉಂಟು. ಗೇಣಿಗೆ ಕಾಯಿದೆಯ ಮನ್ನಣೆ ಇಲ್ಲದ ಕಾರಣ ಅನೇಕ ಕಡೆ ಒಪ್ಪಂದ ಬಾಯಿಮಾತಿನದು, ಅವಧಿ ಚಿಕ್ಕದು. ಪೊದೆ ಕಡಿದು ಭೂಮಿ ಹದಗೊಳಿಸಿದ ಮೇಲೆ "ನಮಗೇ ಬೇಕು" ಎಂದು ಯಜಮಾನ ಹಿಂದಕ್ಕೆ ಪಡೆದರೆ ಆ ಹೆಂಗಸರ ದುಡಿಮೆಗೆ ಪರಿಹಾರವಿಲ್ಲ. ಅಂಜಿಕೆ ಯಜಮಾನನದು ಮಾತ್ರವಲ್ಲ, ಉಳುವವನದೂ ಇದೆ ಎಂಬುದನ್ನು ನಾವು ಮರೆಯಬಾರದು.

5. ಆಂಧ್ರದ ಕಾಗದ

ಆಂಧ್ರ ಪ್ರದೇಶದವರು ಕಾಗದದ ಕಡೆಯಿಂದ ಹೊರಟರು. 2011ರಲ್ಲಿ ಒಂದು ಕಾಯಿದೆ ಮಾಡಿ, ಇನ್ನೊಬ್ಬರ ಭೂಮಿ ಉಳುವವನಿಗೆ ಸಾಲಕ್ಕೆ ಅರ್ಹನೆಂಬ ಕಾರ್ಡು ಕೊಟ್ಟರು. 2019ರಲ್ಲಿ ಅದರ ಬದಲು ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯಿದೆ ತಂದರು. ಅದರಂತೆ ಯಜಮಾನನೂ ಸಾಗುವಳಿದಾರನೂ 11 ತಿಂಗಳ ಕರಾರಿಗೆ ಸಹಿ ಹಾಕಬೇಕು. ಸಾಗುವಳಿದಾರನಿಗೆ ಬೆಳೆಯ ಮೇಲೆ ಮಾತ್ರ ಹಕ್ಕು. ಭೂಮಿಯ ಒಡೆತನಕ್ಕೆ ಆ ಕಾಗದ ಆಧಾರವಾಗದು. ಬೆಳೆಸಾಲ, ಬೆಳೆವಿಮೆ, ನಷ್ಟಪರಿಹಾರಗಳಿಗೆ ಅದು ಆಧಾರವಾಗುತ್ತದೆ.

ಇದು ಎಷ್ಟು ಮುಖ್ಯವೆಂದು ಊರಿನ ವ್ಯವಹಾರ ಬಲ್ಲವರಿಗೆ ಗೊತ್ತು. ಸಾಲವಾಗಲಿ ನೆರೆಪರಿಹಾರವಾಗಲಿ ಪಹಣಿಯಲ್ಲಿ ಹೆಸರಿದ್ದವನಿಗೆ ಹೋಗುತ್ತದೆ. ಬೆವರು ಸುರಿಸಿದವನ ಹೆಸರು ಅಲ್ಲಿರುವುದಿಲ್ಲ. ಆಂಧ್ರದಲ್ಲಿಯೂ ಸಹಿ ಹಾಕಲು ಹಿಂಜರಿದ ಯಜಮಾನರು ಬಹಳ ಮಂದಿ. ಕಾಗದವಿದ್ದರೂ ನಂಬಿಕೆ ಹುಟ್ಟಿಸುವ ಮೂರನೆಯವರು ಬೇಕು. ಮೂರನೆಯವರಿದ್ದರೂ ಕಾಗದ ಬೇಕು. ಕೇರಳ, ಆಂಧ್ರ ಎರಡನ್ನೂ ಕೂಡಿಸಿ ಓದಿದರೆ ತಿಳಿಯುವುದು ಇಷ್ಟು.

6. ಉಡುಪಿಯ ಒಂದು ಮಳೆಗಾಲ

2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆಯಿತು. ಅಂದಿನ ಶಾಸಕ ಕೆ. ರಘುಪತಿ ಭಟ್ ಅವರ ನೇತೃತ್ವದ ಕೇದಾರೋತ್ಥಾನ ಟ್ರಸ್ಟಿನವರು ಯಜಮಾನರ ಒಪ್ಪಿಗೆ ಪಡೆದು, ಸಾವಿರಕ್ಕೂ ಹೆಚ್ಚು ಎಕರೆ ಹಡಿಲು ಗದ್ದೆಯಲ್ಲಿ ಭತ್ತ ಬೆಳೆಸಿದರು. ಯಂತ್ರಗಳೂ ಬಂದವು, ಸ್ವಯಂಸೇವಕರೂ ಕೆಸರಿಗೆ ಇಳಿದರು. ಅಲ್ಲಿಯ ಅಕ್ಕಿ "ಕೇದಾರ ಕಜೆ" ಎಂಬ ಹೆಸರಿನಲ್ಲಿ ಮಾರಾಟವಾಯಿತು. ವರ್ಷಾನುಗಟ್ಟಲೆ ಬಿಟ್ಟ ಗದ್ದೆಯೂ ಕೈ ಹಾಕಿದರೆ ಪೈರು ಕೊಡುತ್ತದೆ, ಕೇಳುವವರು ಸರಿಯಾಗಿ ಕೇಳಿದರೆ ಯಜಮಾನರು ಒಪ್ಪುತ್ತಾರೆ ಎಂಬುದು ಇದರಿಂದ ಖಚಿತವಾಯಿತು. ಆದರೆ ತೋಡಿನ ಹೂಳೆತ್ತಿ, ಅಂಚು ಕಟ್ಟಿ, ಬೇಸಾಯವನ್ನೇ ಜೀವನವಾಗಿ ಮಾಡಿಕೊಳ್ಳುವವನಿಗೆ ಒಂದು ಮಳೆಗಾಲ ಸಾಲದು. ಅವನಿಗೆ ಕೆಲವು ವರ್ಷಗಳ ಭರವಸೆ ಬೇಕು.

7. ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಪಹಣಿಯನ್ನು ತೆಗೆಸಿ ನೋಡಿರಿ. ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇದ್ದರೆ ಪೌತಿ ಖಾತೆ ಮಾಡಿಸಿರಿ. ಯಜಮಾನ ಯಾರೆಂದೇ ತಿಳಿಯದ ಗದ್ದೆಯನ್ನು ಯಾವ ಸಂಘವೂ ಮುಟ್ಟಲಾರದು.

ಎರಡನೆಯದಾಗಿ, ಪಾಲುದಾರರೊಡನೆ ಮಾತಾಡಿರಿ. ಉದಾಹರಣೆಗೆ, ಎರಡು ಎಕರೆ ಗದ್ದೆಗೆ ಐವರು ವಾರಸುದಾರರಿದ್ದರೆ ಒಬ್ಬೊಬ್ಬರಿಗೆ ಬರುವುದು 40 ಸೆಂಟ್ಸ್. ಒಬ್ಬೊಬ್ಬನೇ ಮಾಡಿದರೆ ಅದರಲ್ಲಿ ಉಳುಮೆಯ ಖರ್ಚೂ ಗಿಟ್ಟುವುದು ಕಷ್ಟ. ಐವರೂ ಒಪ್ಪಿ ಊರಲ್ಲಿರುವ ಒಬ್ಬ ಅಣ್ಣನಿಗೋ ತಂಗಿಗೋ ಎರಡು ಎಕರೆಯನ್ನೂ ಬಿಟ್ಟುಕೊಟ್ಟರೆ ಬೇಸಾಯ ನಿಲ್ಲುತ್ತದೆ. ಒಪ್ಪಿಗೆಯನ್ನು ಬರೆದಿಡಿರಿ, ಒಡಹುಟ್ಟಿದವರಲ್ಲಿ ಕಾಗದವೇಕೆ ಎಂದು ಸಂಕೋಚಪಡಬೇಡಿರಿ.

ಮೂರನೆಯದಾಗಿ, ಗುಟ್ಟಾಗಿ ಗೇಣಿ ಚೀಟಿ ಬರೆಯಬೇಡಿರಿ. ಅದಕ್ಕೆ ಕಾಯಿದೆಯ ಬಲವಿಲ್ಲ. ತಕರಾರು ಬಂದರೆ ಇಬ್ಬರಿಗೂ ರಕ್ಷಣೆಯಿಲ್ಲ. ತಾನು ಅಥವಾ ತನ್ನ ಕುಟುಂಬದವರು ಮೇಲ್ವಿಚಾರಣೆ ಮಾಡುತ್ತ, ಕೂಲಿಯವರಿಂದ ಮಾಡಿಸಿದ ಬೇಸಾಯವನ್ನು ಕಾಯಿದೆಯು ಸ್ವಂತ ಸಾಗುವಳಿಯೆಂದೇ ಎಣಿಸುತ್ತದೆ. ಕೂಲಿಯನ್ನು ಹಣದಲ್ಲಾಗಲಿ ಧಾನ್ಯದಲ್ಲಾಗಲಿ ಕೊಡಬಹುದು, ಬೆಳೆಯ ಪಾಲಾಗಿ ಕೊಡುವಂತಿಲ್ಲ. ಕೂಲಿ ಕೊಟ್ಟ ಲೆಕ್ಕವನ್ನು ತಾರೀಖು ಸಹಿತ ಬರೆದಿಡಿರಿ. ಕೈ ಹಾಕುವ ಮೊದಲು ತಾಲೂಕು ಕಚೇರಿಯಲ್ಲಾಗಲಿ ಬಲ್ಲ ವಕೀಲರಲ್ಲಾಗಲಿ ವಿಚಾರಿಸಿರಿ.

ನಾಲ್ಕನೆಯದಾಗಿ, ವಾಚನಾಲಯದಲ್ಲಿ ಒಂದು ರಿಜಿಸ್ಟರು ಇಡುತ್ತೇವೆ. ಭೂಮಿಯಿದ್ದವರು ಊರು, ತಾಲೂಕು, ವಿಸ್ತೀರ್ಣ, ಎಷ್ಟು ವರ್ಷದಿಂದ ಬಿಟ್ಟಿದೆ ಎಂಬುದನ್ನು ಒಂದು ಕಡೆ ಬರೆಯಲಿ. ಊರಿಗೆ ಮರಳಿ ಬೇಸಾಯ ಮಾಡಬಯಸುವವರು, ಅಂಥವರನ್ನು ಬಲ್ಲವರು ಇನ್ನೊಂದು ಕಡೆ ಬರೆಯಲಿ. ಈ ರಿಜಿಸ್ಟರಿನಿಂದ ನಾಳೆಯೇ ಗೇಣಿ ಹುಟ್ಟದು. ಆದರೆ ಒಂದೇ ಬೈಲಿನ ನಾಲ್ವರು ಇಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತಿದ್ದರೆ ಅವರಿಗೆ ಪರಸ್ಪರ ಗುರುತಾದರೂ ಆದೀತು. ನಾಲ್ವರೂ ಸೇರಿ ತೋಡಿನ ಹೂಳೆತ್ತಿಸಿದರೂ ಬೈಲಿನಲ್ಲಿ ಉಳಿದವನೊಬ್ಬ ಬೇಸಾಯ ಬಿಡದೆ ನಿಲ್ಲುತ್ತಾನೆ.

ಐದನೆಯದಾಗಿ, ಕಾಯಿದೆಯ ಮಾತು. 2016ರಲ್ಲಿ ನೀತಿ ಆಯೋಗವು ಕೃಷಿ ಭೂಮಿಯ ಗೇಣಿಗಾಗಿ ಒಂದು ಮಾದರಿ ಕಾಯಿದೆಯನ್ನು ರಾಜ್ಯಗಳ ಮುಂದಿಟ್ಟಿತು. ಭೂಮಿ ರಾಜ್ಯದ ವಿಷಯವಾದುದರಿಂದ ಆಯಾ ರಾಜ್ಯವೇ ನಿರ್ಧರಿಸಬೇಕು. ಊರಿನ ಜನಪ್ರತಿನಿಧಿಗಳು ನಮ್ಮ ಸಂಘಗಳ ಸಮಾರಂಭಕ್ಕೆ ಬಂದಾಗ ಹಾರ ಹಾಕುವುದರೊಂದಿಗೆ ಇದನ್ನೂ ಕೇಳೋಣ: ಅವಧಿ ಗೊತ್ತುಮಾಡಿದ, ನೋಂದಣಿಯಾದ, ಒಡೆತನಕ್ಕೆ ಧಕ್ಕೆ ತಾರದ ಕರಾರು ಬೇಕು, ಉಳುವವನಿಗೆ ಸಾಲವೂ ವಿಮೆಯೂ ಭೂಮಿಯಲ್ಲಿ ಮಾಡಿದ ಸುಧಾರಣೆಗೆ ಪರಿಹಾರವೂ ದೊರೆಯಬೇಕು. ನಮ್ಮ ಒಡೆತನದ ರಕ್ಷಣೆಯೊಂದನ್ನೇ ಕೇಳಿದರೆ ಚಾಲಗೇಣಿಯ ಕಾಲವೇ ಮರಳಿ ಬಂದಂತಾದೀತು.

ಚರ್ಚೆಗಾಗಿ ಪ್ರಶ್ನೆಗಳು

(1) ಒಂದು ಗದ್ದೆ ಹಡಿಲು ಬಿದ್ದರೆ ನೆರೆಯ ಗದ್ದೆಗೆ ಆಗುವ ತೊಂದರೆಗಳಾವುವು?
(2) ಯಜಮಾನನ ಅಂಜಿಕೆ ಯಾವುದು? ಉಳುವವನ ಅಂಜಿಕೆ ಯಾವುದು?
(3) ಲೀವ್ ಅಂಡ್ ಲೈಸೆನ್ಸ್ ಕರಾರಿಗೂ ಆಂಧ್ರದ 11 ತಿಂಗಳ ಕರಾರಿಗೂ ಇರುವ ಹೋಲಿಕೆಯೇನು?
(4) ನಿಮ್ಮ ಊರಿನಲ್ಲಿ ನಡುವೆ ನಿಲ್ಲಬಲ್ಲ ಮೂರನೆಯವರು ಯಾರು: ಪಂಚಾಯಿತಿಯೇ, ಸಹಕಾರಿ ಸಂಘವೇ, ಹೆಂಗಸರ ಸ್ವಸಹಾಯ ಗುಂಪೇ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಈ ಪಾಠದಲ್ಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ವಿಚಾರಿಸಿಕೊಂಡು ಬಂದು ರಿಜಿಸ್ಟರಿನಲ್ಲಿ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ.