ರೂಮಿಯ ತೋಪು

ಶಿರಗುಪ್ಪಿ, ಕಾಗವಾಡ, ಅಥಣಿಗಳ ಕಡೆಯಿಂದ ಪೂರ್ವಕ್ಕೆ ಪಯಣಿಸಿದರೆ ಆದಿಲಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರ ಸಿಗುತ್ತದೆ. ಅಲ್ಲಿನ ಪಶ್ಚಿಮದ ಕೋಟೆಗೋಡೆಯ ಶೆರ್ಜಾ ಬುರುಜಿನ ಮೇಲೆ ಭಾರಿ ತೋಪೊಂದು ಮಲಗಿದೆ. ಅದರ ಹೆಸರು ಮಲಿಕ್-ಎ-ಮೈದಾನ್, ಎಂದರೆ ರಣರಂಗದ ಒಡೆಯ. ಉದ್ದ ೧೪ ಅಡಿಗೂ ಹೆಚ್ಚು. ತೂಕ ಸುಮಾರು ೫೫ ಟನ್ನು. ತೋಪಿನ ಬಾಯಿ ಆನೆಯನ್ನು ನುಂಗುತ್ತಿರುವ ಸಿಂಹದ ಮುಖದಂತಿದೆ. ಲೋಹವನ್ನು ತಟ್ಟಿದರೆ ಗಂಟೆಯ ನಾದ ಹೊಮ್ಮುತ್ತದೆ.

ಈ ತೋಪು ೧೫೪೯ರಲ್ಲಿ ಅಹಮದನಗರದಲ್ಲಿ ಎರಕಗೊಂಡಿತು. ಎರಕ ಹೊಯ್ದವನ ಹೆಸರು ಅದರ ಮೇಲೆಯೇ ಇದೆ: ಮಹಮ್ಮದ್ ರೂಮಿ. ರೂಮಿ ಎಂದರೆ ರೂಮ್ ದೇಶದವನು. ಒಂದು ಕಾಲಕ್ಕೆ ರೋಮನ್ ಚಕ್ರಾಧಿಪತ್ಯಕ್ಕೆ ಸೇರಿದ್ದ, ಇಂದಿನ ತುರ್ಕಿ ದೇಶವಿರುವ ಭೂಮಿಗೆ ಪೂರ್ವದೇಶದವರು ಇಟ್ಟಿದ್ದ ಹೆಸರದು.

ಆದರೆ ತುರ್ಕರು ಆ ನೆಲದ ಮೂಲನಿವಾಸಿಗಳಲ್ಲ. ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಕುರಿ ಕುದುರೆಗಳನ್ನು ಸಾಕಿಕೊಂಡು ಅಲೆಯುತ್ತಿದ್ದ ಜನ ಅವರು. ೧೦೭೧ರಲ್ಲಿ ಸೆಲ್ಜೂಕ್ ತುರ್ಕರು ಮಂಜಿಕರ್ಟ್ ಕದನದಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿಯನ್ನು ಸೆರೆಹಿಡಿದರು. ಆಮೇಲೆ ಪಶ್ಚಿಮದ ದಾರಿ ತೆರೆಯಿತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಉಸ್ಮಾನನೆಂಬ ನಾಯಕ ಕಟ್ಟಿದ ಪುಟ್ಟ ಸಂಸ್ಥಾನ ಬೆಳೆದು ಮಹಾಸಾಮ್ರಾಜ್ಯವಾಯಿತು. ೧೪೫೩ರಲ್ಲಿ ಎರಡನೆಯ ಮಹಮ್ಮದನು ಕಾನ್‌ಸ್ಟಾಂಟಿನೋಪಲ್ಲಿನ ಗೋಡೆಗಳನ್ನು ಮಹಾತೋಪುಗಳಿಂದ ಒಡೆದನು. ವಿಚಿತ್ರವೆಂದರೆ, ಅವುಗಳಲ್ಲಿ ಅತಿ ದೊಡ್ಡದನ್ನು ಎರಕ ಹೊಯ್ದವನು ತುರ್ಕನಲ್ಲ, ಹಂಗೇರಿಯಿಂದ ಬಂದ ಉರ್ಬನ್ ಎಂಬ ಕುಶಲಿ!

ತುರ್ಕರು ಆ ವಿದ್ಯೆಯನ್ನು ಕರಗತ ಮಾಡಿಕೊಂಡರು. ಅವರ ತೋಪುಗಾರರಿಗೆ ದೂರದೇಶಗಳಿಂದ ಕರೆ ಬರತೊಡಗಿತು. ಬಾಬರನ ಸೈನ್ಯದಲ್ಲಿ ಮುಸ್ತಫಾ ರೂಮಿಯಿದ್ದನು. ೧೫೬೫ರ ರಕ್ಕಸತಂಗಡಿ ಕದನದಲ್ಲಿ ಅಹಮದನಗರದ ತೋಪುಪಡೆಯ ಹೊಣೆ ಹೊತ್ತವನು ಚೆಲಬಿ ರೂಮಿಖಾನ್. ಅಂದು ವಿಜಯನಗರದ ಸೇನೆ ಚದುರಿಹೋಯಿತು.

ಆದಿಲಶಾಹಿಯ ಮೂಲಪುರುಷ ಯೂಸುಫನೂ ತುರ್ಕಿ ಸುಲ್ತಾನನ ಮಗನೆಂದು ಫರಿಶ್ತಾ ಬರೆದಿದ್ದಾನೆ. ಪಟ್ಟವೇರಿದ ಅಣ್ಣನ ಕೈಯಿಂದ ಆ ಬಾಲಕನನ್ನು ತಾಯಿಯು ಗುಟ್ಟಾಗಿ ವರ್ತಕನೊಬ್ಬನಿಗೆ ಒಪ್ಪಿಸಿ ಉಳಿಸಿದಳಂತೆ. ಕಥೆ ಸೊಗಸಾಗಿದೆ, ಇತಿಹಾಸಜ್ಞರಲ್ಲಿ ಅನೇಕರು ಒಪ್ಪುವುದಿಲ್ಲ. ತೋಪಿನ ಮೇಲಿನ ರೂಮಿಯ ಹೆಸರಿಗೆ ಅಂಥ ಸಂಶಯವಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಉಸ್ಮಾನನ ವಂಶದ ಸಾಮ್ರಾಜ್ಯ ಕುಸಿಯಿತು. ಮುಸ್ತಫಾ ಕೆಮಾಲನ ನಾಯಕತ್ವದಲ್ಲಿ ತುರ್ಕರು ಹೋರಾಡಿ ತಮ್ಮ ನಾಡನ್ನು ಉಳಿಸಿಕೊಂಡರು. ೧೯೨೩ರ ಅಕ್ಟೋಬರ್ ೨೯ರಂದು ಗಣರಾಜ್ಯವನ್ನು ಸಾರಿದರು.

ರೂಮಿಯ ತೋಪಾದರೋ ಒಡೆಯರನ್ನು ಬದಲಿಸುತ್ತಲೇ ಬಂದಿತು. ೧೬೩೨ರಲ್ಲಿ ಮುರಾರಿ ಪಂಡಿತನು ಅದನ್ನು ಪರಂಡಾ ಕೋಟೆಯಿಂದ ವಿಜಯಪುರಕ್ಕೆ ತರಿಸಿದನು. ೧೬೮೬ರಲ್ಲಿ ಊರನ್ನು ಗೆದ್ದ ಔರಂಗಜೇಬನು ತನ್ನ ವಿಜಯವನ್ನು ಅದರ ಮೇಲೆ ಕೆತ್ತಿಸಿದನು. ೧೮೫೪ರಲ್ಲಿ ಆಂಗ್ಲರ ಆಡಳಿತದಲ್ಲಿ ಅದು ಹರಾಜಿಗೂ ಬಂದಿತು. ಕೂಗಿದ ಬೆಲೆ ೧೫೦ ರೂಪಾಯಿ! ಮಾರಾಟ ರದ್ದಾದ್ದರಿಂದ ತೋಪು ಬುರುಜಿನ ಮೇಲೆಯೇ ಉಳಿಯಿತು.